ಒಂದು ಬಟ್ಟೆ ಕಮ್ಮಿ

"ಇಳಿಯೇ, ಇಳಿ ಕೆಳಗೆ," ಎಂದು ತಾಯಿ ಮಗಳ ರಟ್ಟೆ ಹಿಡಿದು ಎಳೆದಳು. ಮಗಳ ಒಂದು ಕಾಲು ಆಗಲೇ ವ್ಯಾನಿನ ಮೆಟ್ಟಿಲ ಮೇಲಿತ್ತು.

"ಯಾಕಮ್ಮಾ? ಅತ್ತೆ ಆಗಲೇ ಕೂತಿದಾರೆ."

"ಇನ್ನೂ ಹೊತ್ತಿದೆ. ಇಳಿ ಅಂದ್ರೆ ಇಳಿ."

ದುಃಖದಲ್ಲಿ ಏನೋ ಆಡುತ್ತಾಳೆ ಪಾಪ ಎಂದು ಅಂಗಳದಲ್ಲಿದ್ದವರು ಮುಖ ಆ ಕಡೆ ತಿರುಗಿಸಿದರು. ಗಂಡ ಸತ್ತ ಮರುದಿನ ಹೆಂಗಸು ಏನು ಮಾಡಿದರೂ ಜನ ಅದನ್ನು ದುಃಖಕ್ಕೇ ಸೇರಿಸಿಬಿಡುತ್ತಾರೆ. ಅವಳಿಗೆ ಆಗುತ್ತಿದ್ದದ್ದು ಭಯ. ಬೆಳಿಗ್ಗೆ ಈ ವ್ಯಾನು ಗೇಟಿನೊಳಗೆ ಬಂದಾಗಿನಿಂದ ಇದ್ದದ್ದು ಅದೇ.

ಒಳಗೆ ಮಂಚದ ಮೇಲೆ ಬಿಳಿ ಹೊದಿಕೆಯ ಕೆಳಗೆ ಮೇಸ್ತ್ರಿ ಮಲಗಿದ್ದ. ಇಪ್ಪತ್ತಾರು ವರ್ಷ ಮನೆ ಮುಂದಿನ ಗಾಡಿ ರಿಪೇರಿ ಶೆಡ್ಡಿನಲ್ಲಿ ಇಂಜಿನ್ ಕೆಲಸ ಮಾಡಿದವನು ನಿನ್ನೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಎದೆ ಹಿಡಿದು ಕೂತ, ಮತ್ತೆ ಏಳಲಿಲ್ಲ. ಶೆಡ್ಡೂ ಓನರನದು, ಶೆಡ್ಡಿನ ಹಿಂದಿನ ಈ ಎರಡು ಕೋಣೆಯ ಮನೆಯೂ ಓನರನದೇ.

"ಗಾಬರಿ ಬೀಳಬೇಡಿ ಅತ್ತಿಗೆ," ಎಂದ ವ್ಯಾನಿನ ಡ್ರೈವರ್. ಸ್ಕೂಲ್ ಮಕ್ಕಳು ಅವನನ್ನು ವ್ಯಾನಣ್ಣ ಅನ್ನುತ್ತಿದ್ದವು, ಹಾಗಾಗಿ ದೊಡ್ಡವರಿಗೂ ಅವನು ವ್ಯಾನಣ್ಣನೇ. "ಇವತ್ತು ಭಾನುವಾರ, ಗಾಡಿ ಖಾಲಿ ಇದೆ. ಎರಡು ಟ್ರಿಪ್ಪಲ್ಲಿ ಎಲ್ಲರನ್ನೂ ಸ್ಮಶಾನಕ್ಕೆ ಇಳಿಸ್ತೀನಿ. ಮೇಸ್ತ್ರಿ ಅಣ್ಣನಿಗೆ ಇಷ್ಟೂ ಮಾಡದೇ ಇದ್ರೆ ನಾನು ಮನುಷ್ಯನಾ? ಆ ಶೆಡ್ಡಲ್ಲಿ ನನ್ನ ಮಾತು ಕಿವಿಗೆ ಹಾಕ್ಕೊಂಡೋರು ಅವರೊಬ್ಬರೇ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಸ್ಮಶಾನದ ದಾರಿ ಉದ್ದಕ್ಕೂ ಇಳಿಜಾರು. ನಡುವೆ ಕೈ ಮಡಚಿದಂತೆ ಒಂದು ತಿರುವು, ತಿರುವಿನ ಆಚೆ ಕಲ್ಲು ಕ್ವಾರಿಯ ಹಳ್ಳ. ಆ ವ್ಯಾನಿನ ಇಂಜಿನ್ ಒಳಗೆ ಏನಿದೆಯೆಂಬುದು ಈ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಅದರಲ್ಲಿ ಒಬ್ಬ ಹೊದಿಕೆಯ ಕೆಳಗಿದ್ದ.

*

ನಾಲ್ಕು ತಿಂಗಳ ಹಿಂದೆ ವ್ಯಾನಿನ ಹಳೆ ಇಂಜಿನ್ ಕೈಕೊಟ್ಟು, ಬೇರೆ ಇಂಜಿನ್ ಕೂರಿಸಲು ಅದು ಶೆಡ್ಡಿಗೆ ಬಂದಿತ್ತು. ಇಂಜಿನ್ ಬಿಚ್ಚಿಟ್ಟಾಗ ಒಳಗೆ ಬೋಲ್ಟೋ ದೂಳೋ ಬೀಳದಂತೆ ತೆರೆದ ತೂತುಗಳಿಗೆಲ್ಲ ಬಟ್ಟೆ ತುರುಕಬೇಕು. ಸಿಕ್ಕಿದ ಚಿಂದಿ ತುರುಕುವವರೇ ಜಾಸ್ತಿ. ಮೇಸ್ತ್ರಿ ಹಾಗಲ್ಲ. ಹೆಂಡತಿಯ ಕೈಲಿ ಹಳೆ ಬೆಡ್‌ಶೀಟು ಹರಿಸಿ ಸರಿಯಾಗಿ ಏಳು ತುಂಡು ಮಾಡಿಸಿಕೊಳ್ಳುತ್ತಿದ್ದ. ಕೆಲಸ ಶುರುವಾಗುವಾಗ ಏಳು ಎಣಿಸಿ ತೆಗೆಯಬೇಕು, ಇಂಜಿನ್ ಮುಚ್ಚುವ ಮೊದಲು ಏಳು ಎಣಿಸಿ ಮೊಳೆಗೆ ಸಿಕ್ಕಿಸಬೇಕು.

"ಮೇಸ್ತ್ರಿ ಬಟ್ಟೆ ಎಣಿಸೋದು ನೋಡಿದ್ರೆ ಇಸ್ತ್ರಿ ಅಂಗಡಿಯವನೂ ನಾಚ್ಕೋಬೇಕು," ಎಂದು ಶೆಡ್ಡಿನ ವೆಲ್ಡರ್ ರೇಗಿಸುತ್ತಿದ್ದ.

ಅವತ್ತು ಓನರು ತಲೆಯ ಮೇಲೆ ನಿಂತು ಆತುರ ಮಾಡಿದ. ಮೇಸ್ತ್ರಿ ಮೊದಲು ಮುಚ್ಚಿದ, ಆಮೇಲೆ ಎಣಿಸಿದ. ಮೊಳೆಯಲ್ಲಿ ಆರು ಬಟ್ಟೆ ಇದ್ದವು.

ಬೆಂಚಿನ ಕೆಳಗೆ, ಕಸದ ಡಬ್ಬಿಯಲ್ಲಿ, ತನ್ನದೇ ಜೇಬಿನಲ್ಲಿ ಹುಡುಕಿದ. ಮತ್ತೆ ಬಿಚ್ಚಿ ನೋಡಬೇಕೆಂದರೆ ಅರ್ಧ ದಿನದ ಕೆಲಸ, ಜೊತೆಗೆ ಓನರನ ಬಾಯಿ. ಎಲ್ಲೋ ಬಿದ್ದಿರುತ್ತದೆ ಬಿಡು ಎಂದುಕೊಂಡ. ಇಪ್ಪತ್ತಾರು ವರ್ಷದಲ್ಲಿ ಅವನು ಹೇಳಿದ ದೊಡ್ಡ ಸುಳ್ಳು ಅದೇ, ನಂಬಿದವನೂ ಅವನೊಬ್ಬನೇ.

ಎರಡು ವಾರಕ್ಕೆ ವ್ಯಾನಣ್ಣ ಬಂದು ನಿಂತ.

"ಇಳಿಜಾರಲ್ಲಿ ಆಯಿಲ್ ಲೈಟು ಹತ್ತುತ್ತೆ ಸಾರ್. ಕೆಂಪಗೆ. ಸಮತಟ್ಟಿಗೆ ಬಂದ್ರೆ ಆರುತ್ತೆ."

"ಓಡಿಸೋಕೆ ಬರದೇ ಇದ್ದೋರೆಲ್ಲ ನಮ್ಮ ತಲೆಗೆ ಕಟ್ಟಬೇಡಿ," ಎಂದ ಓನರು.

"ಹನ್ನೆರಡು ಮಕ್ಕಳು ಕೂತಿರ್ತಾರೆ. ಆಯಿಲ್ ಸಿಗದೆ ತಿರುವಲ್ಲಿ ಇಂಜಿನ್ ಹಿಡ್ಕೊಂಡುಬಿಟ್ರೆ? ಬ್ರೇಕು ಗಟ್ಟಿಯಾಗುತ್ತೆ, ಸ್ಟೇರಿಂಗ್ ತಿರುಗಲ್ಲ. ಒಂದ್ಸಲ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿ ನೋಡಿ ಸಾರ್, ಕಾಲಿಗೆ ಬೀಳ್ತೀನಿ."

"ಹಿಡ್ಕೊಂಡಾಗ ಬಾ. ಆಗ ನೋಡೋಣ."

ಅವನು ಆಚೆ ಹೋದ ಮೇಲೆ ಓನರು ಮೇಸ್ತ್ರಿಗೆ ಮೆಲ್ಲಗೆ ಹೇಳಿದ: "ಆ ಲೈಟಿನ ವೈರು ಕಿತ್ತುಬಿಡು. ಕಣ್ಣಿಗೆ ಕಾಣದೇ ಇದ್ರೆ ತಾನೇ ಬಾಯಿ ಮುಚ್ತಾನೆ." ಮೇಸ್ತ್ರಿ ಕಿತ್ತ. ಲೈಟು ಹತ್ತುವುದು ನಿಂತಿತು. ವ್ಯಾನಣ್ಣ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡು, "ನಿಮ್ಮಿಂದ ಆಯ್ತಣ್ಣ," ಎಂದ. ಆಮೇಲೆ ಇಂಜಿನ್ ಒಳಗೆ ಟಕಟಕ ಶುರುವಾಗಿ ಅವನು ವಾರವಾರವೂ ಬಂದು ಓನರನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಮೇಸ್ತ್ರಿಗೆ ಮಾತ್ರ ಹೋಗುವಾಗ ನಮಸ್ಕಾರ ಹೇಳಿಯೇ ಹೋಗುತ್ತಿದ್ದ.

ದಿನಾ ಬೆಳಿಗ್ಗೆ ಆರೂ ಮುಕ್ಕಾಲರ ಹೊತ್ತಿಗೆ ಮಕ್ಕಳ ಕೂಗಾಟದ ಜೊತೆ ವ್ಯಾನು ಮನೆ ಮುಂದಿನ ಅದೇ ಇಳಿಜಾರಲ್ಲಿ ಸ್ಕೂಲಿನ ಕಡೆ ಇಳಿಯುತ್ತಿತ್ತು. ಮೇಸ್ತ್ರಿ ಲೋಟ ಹಿಡಿದ ಕೈ ಹಾಗೇ ನಿಲ್ಲಿಸಿ, ಆ ಸದ್ದು ತಿರುವು ದಾಟುವವರೆಗೆ ಕಿವಿಗೊಟ್ಟು ಕೂರುತ್ತಿದ್ದ. ಅವಳು ಗ್ಯಾಸ್ಟ್ರಿಕ್ ಅಂದುಕೊಂಡಿದ್ದಳು. ಹೋದ ಭಾನುವಾರ ಎಲ್ಲ ಹೇಳಿದ.

"ನಾಳೆ ಓನರಿಗೆ ಹೇಳಿಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ."

"ಮನೆ?" ಎಂದಿದ್ದಳು ಅವಳು.

ಅಷ್ಟೇ ಅವಳು ಕೇಳಿದ್ದು. ಅವನು ಮತ್ತೆ ಆ ಮಾತು ಎತ್ತಲಿಲ್ಲ. ಸೋಮವಾರ ಬಂತು, ಹೋಯಿತು. ಶನಿವಾರ ಅವನೇ ಹೋದ.

*

ಓನರು ತೋಳಿನಷ್ಟು ದಪ್ಪದ ಹಾರ ತಂದು ಮೇಸ್ತ್ರಿಯ ಕಾಲ ಬಳಿ ಇಟ್ಟ. ಕಣ್ಣೊರೆಸಿಕೊಂಡ. ಸುಳ್ಳು ಅಳು ಅಂತೇನೂ ಹೇಳಲಾಗದು, ಇಪ್ಪತ್ತಾರು ವರ್ಷ ಅಂದರೆ ಸುಮ್ಮನೆ ಅಲ್ಲ.

"ಮಗಳು ಓದು ಮುಗಿಸೋವರೆಗೆ ಮನೆ ಬಿಡಿ ಅಂತ ನಾನು ಬಾಯಿ ಬಿಡಲ್ಲಮ್ಮ. ನಿಶ್ಚಿಂತೆಯಾಗಿರಿ."

ಅವಳು ಕೈ ಮುಗಿದಳು. ಅಂಗಳದಲ್ಲಿ ವ್ಯಾನಿನ ಬಾಗಿಲು ಮತ್ತೆ ಜಾರಿದ ಸದ್ದು ಕೇಳಿತು. ಯಾರೋ ಹತ್ತುತ್ತಿದ್ದರು. ಎದ್ದು ಬಾಗಿಲಿಗೆ ಬಂದಳು.

"ಎಲ್ಲರೂ ನಡೆದೇ ಹೋಗೋಣ," ಎಂದಳು. "ಅವರು ಯಾವಾಗಲೂ ಅಂತಿದ್ರು, ನನ್ನ ಹಿಂದೆ ಗಾಡಿ ತರಬೇಡಿ, ಹೆಗಲ ಮೇಲೆ ಹೊತ್ಕೊಂಡು ನಡ್ಕೊಂಡೇ ಬನ್ನಿ ಅಂತ."

ಮೇಸ್ತ್ರಿ ಜನ್ಮದಲ್ಲಿ ಅಂಥ ಮಾತು ಆಡಿದವನಲ್ಲ.

"ಜೀವಮಾನವೆಲ್ಲ ಗಾಡಿ ಕೆಳಗೇ ಮಲಗಿದ್ರಲ್ಲ, ಸಾಕಾಗಿರಬೇಕು," ಎಂದ ವೆಲ್ಡರ್.

"ನನ್ನ ಮಂಡಿ ಹೇಗಿದೆ ಅಂತ ಒಂದು ಮಾತು ಕೇಳಿದ್ನಾ?" ಎಂದು ಗಂಡನ ಅಕ್ಕ ಗೊಣಗುತ್ತ ಸೀಟು ಹಿಡಿದುಕೊಂಡು ಇಳಿದಳು. "ಚಿಕ್ಕಂದಿನಿಂದಲೂ ಹೀಗೇ. ತನಗೆ ತೋಚಿದ್ದೇ ಸರಿ."

ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟಳು. ಮುಗಿಯಿತು. ಮಗಳು ಉಳಿದಳು, ಮನೆ ಉಳಿಯಿತು, ಸತ್ತವನ ಹೆಸರೂ ಉಳಿಯಿತು.

ವ್ಯಾನಣ್ಣ ಹತ್ತಿರ ಬಂದ. "ಸರಿ ಅತ್ತಿಗೆ, ನಾನೂ ಹೆಗಲು ಕೊಡ್ತೀನಿ. ನಾಳೆ ಬೆಳಿಗ್ಗೆ ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಇತ್ಲಾಗಿ ಬಂದು ಹೋಗ್ತೀನಿ. ನನ್ನ ಚಿಕ್ಕವಳೂ ನಾಳೆಯಿಂದ ಸ್ಕೂಲಿಗೆ. ಮುಂದಿನ ಸೀಟು ತನಗೇ ಬೇಕು ಅಂತ ಈಗಲೇ ಹಟ."

ಅವಳು ಮಗಳನ್ನು ನೋಡಿದಳು. ಓನರನನ್ನು ನೋಡಿದಳು. ನಾಳೆ ಆರೂ ಮುಕ್ಕಾಲಿಗೆ ತಾನು ಇದೇ ಬಾಗಿಲಲ್ಲಿ ನಿಂತು ಕಿವಿಗೊಡುವುದು, ನಾಡಿದ್ದು, ಅದರ ಮರುದಿನ, ಸದ್ದು ತಿರುವು ದಾಟದ ಒಂದು ದಿನದವರೆಗೂ. ಗಂಡ ಆ ಭಯವನ್ನು ನಾಲ್ಕು ತಿಂಗಳು ಹೊತ್ತಿದ್ದ. ಅವಳಿಂದ ಒಂದು ದಿನವೂ ಆಗುವುದಿಲ್ಲ ಅನ್ನಿಸಿತು.

"ನಿನ್ನ ಇಂಜಿನ್ ಒಳಗೆ ಬಟ್ಟೆ ಇದೆ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ.

"ಅವತ್ತು ಏಳು ಬಟ್ಟೆಯಲ್ಲಿ ಒಂದು ಕಮ್ಮಿ ಇತ್ತು. ಅವರಿಗೆ ಗೊತ್ತಿತ್ತು. ಹೇಳಲಿಲ್ಲ. ನನಗೂ ಗೊತ್ತಿತ್ತು, ಹೋದ ವಾರದಿಂದ."

"ಸತ್ತವನ ಬಾಯಿಗೆ ಮಾತು ತುರುಕಬೇಡಿ ತಾಯಿ," ಎಂದ ಓನರು.

"ಲೈಟಿನ ವೈರು ಕಿತ್ತಿದ್ದೂ ಅವರೇ. ನೀವು ಹೇಳಿದ್ದಕ್ಕೆ."

ವ್ಯಾನಣ್ಣ ಅವಳನ್ನು ದಾಟಿ ಒಳಗೆ ಹೋಗಿ ಮಂಚದ ಪಕ್ಕ ನಿಂತ. ಅವನು ಸತ್ತವನ ಮುಖ ನೋಡುತ್ತಾ, "ಕೈ ಹಿಡ್ಕೊಂಡಿದ್ದೆನಲ್ಲಣ್ಣ ನಾನು," ಎಂದ. ಅಷ್ಟೇ.

ವೆಲ್ಡರ್ ಓನರನ ಕಡೆ ತಿರುಗಿದ. "ಶೆಡ್ಡಿನ ಬೀಗ ತೆಗೀರಿ."

"ಶೆಡ್ಡಿಗೆ ಇವತ್ತು ರಜೆ." ಓನರು ಅವಳನ್ನೇ ನೋಡುತ್ತಾ ಹೇಳಿದ, "ಮನೆ ವಿಷಯ ಆಮೇಲೆ ಮಾತಾಡೋಣಮ್ಮ." ಗೇಟು ದಾಟಿ ಹೋದ.

"ಮೇಸ್ತ್ರಿ ಪೆಟ್ಟಿಗೆ ಎಲ್ಲಿದೆ ಅಕ್ಕಾ?" ಎಂದ ವೆಲ್ಡರ್.

"ಮಂಚದ ಕೆಳಗೆ."

ಹೊದಿಕೆಯ ಅಂಚು ಎತ್ತಿ ಸ್ಪ್ಯಾನರ್ ಪೆಟ್ಟಿಗೆ ಹೊರಗೆ ಎಳೆದರು. ವೆಲ್ಡರ್ ಸೇರಿ ಶೆಡ್ಡಿನ ಮೂವರು, ಜೊತೆಗೆ ವ್ಯಾನಣ್ಣ, ಒಗೆದ ಶರ್ಟುಗಳಲ್ಲೇ ವ್ಯಾನಿನ ಕೆಳಗೆ ನುಗ್ಗಿದರು. ಅಂಗಳಕ್ಕೆ ಕಂಡದ್ದು ಎಂಟು ಕಾಲು ಮಾತ್ರ. ಒಂದೂವರೆ ಗಂಟೆ ಹಿಡಿಯಿತು. ಬಂದವರೆಲ್ಲ ಕಾದರು, ಒಳಗೆ ಮೇಸ್ತ್ರಿಯೂ ಕಾದ. ಚೇಂಬರ್ ಇಳಿದಾಗ ಆಯಿಲ್ ಹೀರುವ ಜಾಲರಿಗೆ ಅಂಟಿಕೊಂಡು ಕರಿ ಮುದ್ದೆಯೊಂದು ಇತ್ತು. ವ್ಯಾನಣ್ಣ ಅದನ್ನು ಬಿಡಿಸಿ ಹಿಂಡಿದ. ಒಂದು ಅಂಚಿನಲ್ಲಿ ಬೆಡ್‌ಶೀಟಿನ ಹೊಲಿಗೆ ಕಾಣಿಸಿತು.

ಅವನು ನೆಲದ ಮೇಲೆ ಕೂತುಬಿಟ್ಟ. "ಆ ತಿರುವಲ್ಲಿ..." ಎಂದ. ಅವಳು ನೀರು ಕೊಟ್ಟಳು. ಕುಡಿಯಲಿಲ್ಲ.

"ಹೊತ್ತಾಯ್ತು, ಎತ್ತಿ," ಎಂದರು ಯಾರೋ.

ಮೂವರು ಎದ್ದು ಚಟ್ಟದ ಮೂರು ಮೂಲೆಗೆ ನಿಂತರು. ನಾಲ್ಕನೆಯ ಮೂಲೆ ಖಾಲಿ ಇತ್ತು. ಯಾರೂ ವ್ಯಾನಣ್ಣನನ್ನು ಕರೆಯಲಿಲ್ಲ, ಕರೆಯುವ ಮುಖ ಯಾರಿಗಿತ್ತು? ಅವಳೂ ತಲೆ ತಗ್ಗಿಸಿ ನಿಂತಳು. ತುಂಬ ಹೊತ್ತಿನ ಮೇಲೆ ಅವನೇ ಎದ್ದು ಬಂದ.

"ಕೈ ತೊಳ್ಕೊಳ್ಳೋ, ಬಿಳಿ ಬಟ್ಟೆ," ಎಂದಳು ಗಂಡನ ಅಕ್ಕ.

"ಇರಲಿ ಬಿಡಿ ಅಕ್ಕ," ಎಂದಳು ಅವಳು.

ಅವನು ಹೆಗಲು ಕೊಟ್ಟ. ಎಲ್ಲರೂ ಇಳಿಜಾರಿಗೆ ಇಳಿದರು. ತಿರುವಿನಲ್ಲಿ ಭಾರ ಒಂದು ಕಡೆಗೆ ವಾಲಿತು. ವ್ಯಾನಣ್ಣ ಬೇಗ ಕೈ ಎತ್ತಿ ಮೇಸ್ತ್ರಿಯನ್ನು ಜಾರದಂತೆ ಒತ್ತಿ ಹಿಡಿದ. ಕೈ ತೆಗೆದಾಗ ಬಿಳಿ ಹೊದಿಕೆಯ ಮೇಲೆ, ಎದೆಯ ಹತ್ತಿರ, ಐದು ಕರಿ ಬೆರಳು ಮೂಡಿದ್ದವು.