ಹಂಪಣ್ಣನ ರೊಟ್ಟಿ ಮಷಿನ್

ಶಹಾಪುರದ ಬಜಾರಿನಲ್ಲಿ ಹಂಪಣ್ಣನ ಪಾತ್ರೆ ಅಂಗಡಿಗೆ ಬೋರ್ಡಿನ ಅಗತ್ಯವೇ ಇರಲಿಲ್ಲ. ಅವನ ಬಾಯಿ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತು. ಇಪ್ಪತ್ತೆಂಟು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಚಾಕು, ಸೌಟು, ತುರಿಯುವ ಮಣೆ, ಕುಕ್ಕರ್ ಮಾರುತ್ತಿದ್ದ. ಪ್ರತಿಯೊಂದನ್ನೂ ತಾನೇ ದಿನಾ ಬಳಸುವವನ ಹಾಗೆ ಮಾತಾಡುತ್ತಿದ್ದ. “ಈ ಚಾಕುಲೇ ಹೆಚ್ಚಿದ್ರ ಬದನಿಕಾಯಿಗೇ ಗೊತ್ತಾಗಂಗಿಲ್ರಿ ಅಕ್ಕೋರ” ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಹಂಪಣ್ಣ ಜನ್ಮದಲ್ಲಿ ಒಂದು ಬದನೆಕಾಯಿ ಹೆಚ್ಚಿದವನಲ್ಲ. ಮನೆಯಲ್ಲಿ ನೀರಿನ ಲೋಟ ಎಲ್ಲಿರುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಕೈ ಚಾಚಿದರೆ ಲೋಟ ಬರುತ್ತಿತ್ತು, ಅಷ್ಟೆ.

ಲೋಟ ಕೊಡುತ್ತಿದ್ದ ಆ ಕೈ, ಅಂದರೆ ಹೆಂಡತಿ ಪಾರ್ವತಿಬಾಯಿಯ ಬಲಗೈ, ಒಂದು ಸೋಮವಾರ ಮುರಿಯಿತು. ಉಪ್ಪಿನಕಾಯಿ ಭರಣಿ ಇಳಿಸಲು ಅವಳು ಸ್ಟೂಲು ಹತ್ತಿದ್ದಳು. ಸ್ಟೂಲು ಗಂಡನ ಅಂಗಡಿಯದೇ, ಆನೆ ನಿಂತರೂ ಅಲುಗುವುದಿಲ್ಲ ಎಂದು ಹೆಸರಾದದ್ದು. ಆನೆಯ ಮಾತು ಬೇರೆ. ಪಾರ್ವತಿಬಾಯಿ ನಿಂತಾಗ ಅದು ಒಂದು ಕಾಲು ಮಡಚಿತು. ಭರಣಿ ಉಳಿಯಿತು, ಮಣಿಕಟ್ಟು ಉಳಿಯಲಿಲ್ಲ. ಡಾಕ್ಟರು ಪ್ಲಾಸ್ಟರ್ ಹಾಕಿ ಆರು ವಾರ ಎಂದರು.

ಸುರಪುರದಲ್ಲಿ ಶಾಲೆ ಟೀಚರ್ ಆಗಿದ್ದ ಮಗಳು ಸುನಿತಾ ಫೋನು ಮಾಡಿದಳು. “ಅಪ್ಪಾ, ನಾ ರಜಾ ಹಾಕಿ ಬರ್ತೀನಿ. ಇಲ್ಲಾಂದ್ರ ನೀವು ಉಪಾಸ ಬೀಳ್ತೀರಿ.”

“ಏ, ಬ್ಯಾಡವ್ವ. ಇಡೀ ಅಂಗಡಿ ನಂದದ. ಅಡಗಿ ಅಂದ್ರ ಏನು? ಸಾಮಾನು ಛಲೋ ಇದ್ರ ತಾನ ಆಗ್ತದ.”

ಮಂಚದ ಮೇಲಿದ್ದ ಪಾರ್ವತಿಬಾಯಿ ಇದನ್ನು ಕೇಳಿಸಿಕೊಂಡಳು. ಎದ್ದು ಹೋಗಿ ಅಡುಗೆಮನೆ ಬಾಗಿಲಿಗೆ ಒಂದು ಕುರ್ಚಿ ಹಾಕಿಸಿಕೊಂಡಳು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಕೂತು ನೋಡುವ ಅವಕಾಶ ಅವಳಿಗೆ ಸಿಕ್ಕಿದ್ದು ಇದೇ ಮೊದಲು.

ಮರುದಿನ ಬೆಳಿಗ್ಗೆ ಹಂಪಣ್ಣ ಅಂಗಡಿಯಿಂದ ಎರಡು ಚೀಲ ಸಾಮಾನು ತಂದು ಸುರುವಿದ. ಆ ಮನೆಯಲ್ಲಿ ಜೋಳ, ಬೇಳೆ, ಕಾಯಿಪಲ್ಲೆ ಬಿಟ್ಟು ಬೇರೇನೂ ಬೇಯುತ್ತಿರಲಿಲ್ಲ. ಅಷ್ಟಕ್ಕೆ ಪಾರ್ವತಿಬಾಯಿ ಇಟ್ಟುಕೊಂಡಿದ್ದದ್ದು ಒಂದು ಈಳಿಗೆ, ಒಂದು ಚಾಕು, ಹಿಟ್ಟು ನಾದುವ ಪರಾತ, ಕಬ್ಬಿಣದ ಹಂಚು, ಅಂಗೈಯಗಲದ ಕುಟ್ಟುವ ಕಲ್ಲು. ಹಂಪಣ್ಣ ಅವನ್ನೆಲ್ಲ ಮೂಲೆಗೆ ತಳ್ಳಿ, ದಾರ ಎಳೆಯುವ ಚಾಪರ್ ಕೈಗೆತ್ತಿಕೊಂಡ.

ಉಳ್ಳಾಗಡ್ಡಿ ಹಾಕಿ ಮೂರು ಸಲ ಎಳೆದ. ನಾಲ್ಕನೆಯ ಸಲ ದಾರ ಅವನ ಕೈಗೇ ಬಂತು. ಮುಚ್ಚಳ ಹಾರಿ ಕ್ಯಾಲೆಂಡರಿಗೆ ಬಡಿಯಿತು. ಒಳಗೆ ಅರ್ಧ ಉಳ್ಳಾಗಡ್ಡಿ ಚಟ್ನಿಯಾಗಿತ್ತು, ಉಳಿದರ್ಧ ಹೊಲದಿಂದ ಬಂದ ಹಾಗೇ ಇತ್ತು.

“ಇದನ್ನ ಬ್ಯಾಂಕ್ ಮ್ಯಾನೇಜರ್ ಹೆಂಡ್ತಿಗಿ ಏನಂತ ಹೇಳಿ ಕೊಟ್ಟಿದ್ರಿ?” ಪಾರ್ವತಿಬಾಯಿ ಕೇಳಿದಳು.

“ಎರಡು ತಲಿಮಾರು ಬರ್ತದ ಅಂದಿದ್ದೆ.”

“ಅಕಿ ಒಮ್ಮ್ಯರ ಎಳದಾಳೋ ಇಲ್ಲೋ ಪಾಪ.”

ಹೀರೇಕಾಯಿಗೆ ಸಿಪ್ಪೆ ತೆಗೆಯುವ ಯಂತ್ರ ಹಚ್ಚಿದ. ಹೀರೇಕಾಯಿಯ ಸಿಪ್ಪೆ ಉಳಿದು ಹೆಬ್ಬೆರಳಿನ ಸಿಪ್ಪೆ ಹೋಯಿತು. ಬೆಳ್ಳುಳ್ಳಿ ಹಿಚುಕುವ ಇಕ್ಕಳದಲ್ಲಿ ಬೆಳ್ಳುಳ್ಳಿ ಇಟ್ಟು ಹಲ್ಲು ಕಚ್ಚಿ ಒತ್ತಿದ. ಅದು ತೂತಿನಿಂದ ಇಳಿಯುವ ಬದಲು ಬದಿಯಿಂದ ಚಿಮ್ಮಿ ಅವನ ಕಣ್ಣಿಗೆ ಬಿತ್ತು.

“ಇನ್ನೊಂದ್ ಕಣ್ಣು ಮುಚ್ಚಿಕೊಂಡ್ ಒತ್ರಿ” ಎಂದಳು ಪಾರ್ವತಿಬಾಯಿ. “ಒಂದರ ಉಳೀಲಿ.”

ಕೊನೆಗೆ ರೊಟ್ಟಿ ಮಷಿನ್ನು. ಎರಡು ದುಂಡು ತಟ್ಟೆ, ಒಂದು ಹಿಡಿಕೆ, ನಡುವೆ ಹಿಟ್ಟಿನ ಉಂಡೆ ಇಟ್ಟು ಒತ್ತಿದರೆ ರೊಟ್ಟಿ ತಯಾರು. ಗೋಧಿಯ ಮಟ್ಟಿಗೆ ಇದು ನಿಜವಿರಬಹುದು. ಜೋಳದ ಹಿಟ್ಟಿಗೆ ಆ ಸುದ್ದಿ ಯಾರೂ ತಲುಪಿಸಿರಲಿಲ್ಲ. ಮಷಿನ್ನು ತೆರೆದರೆ, ಕಲಬುರಗಿ ಜಿಲ್ಲೆಯಿಂದ ಯಾದಗಿರಿ ಬೇರೆಯಾದ ಹಾಗೆ, ಅರ್ಧ ರೊಟ್ಟಿ ಮೇಲಿನ ತಟ್ಟೆಗೆ ಹೋಗಿತ್ತು, ಅರ್ಧ ಕೆಳಗೇ ಉಳಿದಿತ್ತು. ಎಂಟು ಸಲ ಒತ್ತಿದ. ಎಂಟು ಸಲವೂ ಜಿಲ್ಲೆ ಒಡೆಯಿತು. ಆ ದಿನ ಗಂಡ ಹೆಂಡತಿ ಚುರುಮುರಿ ತಿಂದು ಮಲಗಿದರು. ಎರಡನೆಯ ದಿನವೂ ಚುರುಮುರಿ.

ಮೂರನೆಯ ದಿನ ಹಂಪಣ್ಣ ಚೀಲ ಹಿಡಿದು ಎರಡು ಓಣಿ ಆಚೆ ಬಾಲಮ್ಮನ ಮನೆಗೆ ಹೊರಟ. ಹೊರಡುವಾಗ ಹೆಜ್ಜೆಗಳು ಭಾರವಾಗಿದ್ದವು, ಅದಕ್ಕೆ ಕಾರಣವೂ ಇತ್ತು. ಬಾಲಮ್ಮ ದಿನಕ್ಕೆ ಇನ್ನೂರು ರೊಟ್ಟಿ ಬಡಿದು ಮಾರುವ ಹೆಂಗಸು. ತೋಳುನೋವು ಕಡಿಮೆಯಾದೀತೆಂಬ ಆಸೆಗೆ ಯುಗಾದಿಯ ಮುಂಚೆ ಅವನಲ್ಲೇ ರೊಟ್ಟಿ ಮಷಿನ್ ಕೊಂಡಿದ್ದಳು. ಮೂರು ಸಲ ವಾಪಸ್ಸು ತಂದಿದ್ದಳು. ಮೂರನೆಯ ಸಲ ಅಂಗಡಿ ತುಂಬ ಗಿರಾಕಿಗಳಿದ್ದಾಗ ಹಂಪಣ್ಣ, “ಮಷಿನ್ ಬರೋಬರಿ ಅದ ಬಾಲಮ್ಮ, ನಿನ್ನ ಕೈ ಬರೋಬರಿ ಇಲ್ಲ” ಎಂದಿದ್ದ. ಜನ ನಕ್ಕಿದ್ದರು. ಬಾಲಮ್ಮ ಮಷಿನ್ನು ಎತ್ತಿಕೊಂಡು ಹೋದವಳು ಮತ್ತೆ ಆ ಅಂಗಡಿ ಕಡೆ ತಲೆ ಹಾಕಿರಲಿಲ್ಲ.

ಈಗ ಅವಳ ಕಟ್ಟೆಯ ಮುಂದೆ ಆರೇಳು ಹೆಣ್ಣುಮಕ್ಕಳು ರೊಟ್ಟಿಗೆ ಕಾಯುತ್ತಿದ್ದರು. ಹಂಪಣ್ಣ ಕೊನೆಯಲ್ಲಿ ನಿಂತು ಕೆಮ್ಮಿದ.

“ಬರ್ರಿ ಬರ್ರಿ ಸಾವ್ಕಾರ್ರ” ಎಂದಳು ಬಾಲಮ್ಮ, ಕೈಯಾಡಿಸುವುದನ್ನು ನಿಲ್ಲಿಸದೆ. “ರೊಟ್ಟಿ ಬೇಕೇನ್ರಿ?”

“ಹೌದವ್ವ, ಆರು ಕೊಡು. ಮನ್ಯಾಗ ಅಕಿ ಕೈ ಮುರದದ.”

“ಕೇಳೀನ್ರಿ, ಪಾಪ. ಕೊಡ್ತೀನಿ. ಮೊದಲ ಒಂದ್ ಕೆಲಸ ಮಾಡ್ರಿ.” ಅವಳು ಎದ್ದು ಒಳಗಿನಿಂದ ರೊಟ್ಟಿ ಮಷಿನ್ ತಂದು ಅವನ ಮುಂದಿಟ್ಟಳು. ಸೆರಗಿನಿಂದ ಧೂಳೂ ಒರೆಸಿಕೊಟ್ಟಳು. “ಹಿಟ್ಟು ನಂದು, ನೀರು ನಂದು. ಮಷಿನ್ ನಿಮ್ದು, ಕೈ ನಿಮ್ದು. ಒಂದ ಒಂದ್ ರೊಟ್ಟಿ ಮಾಡಿ ತೋರಸ್ರಿ. ಗುಂಡಗ ಇರೂದೂ ಬ್ಯಾಡ. ರೊಟ್ಟಿ ಅಂತ ಗುರ್ತು ಸಿಕ್ರ ಸಾಕು.”

ಸಾಲಿನಲ್ಲಿದ್ದವರು ಸಾಲು ಬಿಟ್ಟು ಸುತ್ತುಗಟ್ಟಿದರು. ಒಬ್ಬಳು ಮೊಬೈಲ್ ತೆಗೆದಳು. ಹಂಪಣ್ಣ ಉಂಡೆ ಇಟ್ಟ, ಹಿಡಿಕೆ ಒತ್ತಿದ, ತೆರೆದ. ಮತ್ತೆ ಒತ್ತಿದ. ಮತ್ತೆ ತೆರೆದ. ಹಿಟ್ಟು ಅವನ ಮೊಣಕೈಗೆ, ಮೀಸೆಗೆ, ಅಂಗಿಯ ಗುಂಡಿಗೆ ಹತ್ತಿತೇ ಹೊರತು ರೊಟ್ಟಿ ಎಂಬ ಗುರುತು ಎಲ್ಲೂ ಸಿಗಲಿಲ್ಲ.

“ಹಿಟ್ಟು ಹಳೇದದ” ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆಂಟು ವರ್ಷ ಅಂಥ ಮಾತೇ ಅವನನ್ನು ಕಾಪಾಡಿತ್ತು. ಆದರೆ ಎರಡು ದಿನದ ಚುರುಮುರಿ ಹೊಟ್ಟೆಯಲ್ಲಿತ್ತು, ಬೆಳ್ಳುಳ್ಳಿ ಬಿದ್ದ ಕಣ್ಣು ಇನ್ನೂ ಉರಿಯುತ್ತಿತ್ತು, ಎದುರಿಗೆ ಬಾಲಮ್ಮನ ಬೊಕ್ಕೆ ಎದ್ದ ಅಂಗೈ ಕಾಣುತ್ತಿತ್ತು. ಅವನಿಗೆ ಸುಳ್ಳು ಹೇಳಲು ತ್ರಾಣ ಉಳಿದಿರಲಿಲ್ಲ.

“ನನಗ ಬರಂಗಿಲ್ಲ ಬಾಲಮ್ಮ” ಎಂದ. “ಈ ಮಷಿನಿಗೂ ಬರಂಗಿಲ್ಲ. ನಾ ಅವತ್ತು ಸುಳ್ಳು ಹೇಳೀನಿ. ನಿನ್ನ ಕೈ ಬರೋಬರಿ ಇಲ್ಲಂತ ಹೆಸರಿಟ್ಟೆ, ತಪ್ಪಾತು.”

ಬಾಲಮ್ಮ ಜಗಳಕ್ಕೆ ತಯಾರಾಗಿದ್ದಳು. ನಾಲ್ಕು ತಿಂಗಳಿಂದ ಹೊಳಪು ಕೊಟ್ಟು ಇಟ್ಟ ಬೈಗುಳಗಳೂ ಇದ್ದವು. ಅವೆಲ್ಲ ಒಮ್ಮೆಲೆ ನಿರುದ್ಯೋಗಿಗಳಾದವು.

“ಕುಂಡ್ರಿ ಅತ್ಲಾಗ” ಎಂದಳು ಕೊನೆಗೆ. “ನೀರು ಕುದ್ದಿರಬೇಕು. ಹಿಟ್ಟು ಅಂಗೈ ಬುಡಲೇ ನಾದಬೇಕು. ಹಿಂಗ. ನೀವೇನು ಬೆಣ್ಣಿ ಸವರಾಕತ್ತೀರೇನು? ಜೋರಿಲೇ!”

ಅರ್ಧ ತಾಸಿನಲ್ಲಿ ಹಂಪಣ್ಣ ಬರಿಗೈಯಲ್ಲಿ ಒಂದು ರೊಟ್ಟಿ ಬಡಿದ. ಅದಕ್ಕೆ ಐದು ಮೂಲೆಗಳಿದ್ದವು, ಆದರೆ ಒಡೆದಿರಲಿಲ್ಲ. ಬಾಲಮ್ಮ ತನ್ನ ಆರು ರೊಟ್ಟಿ ಕಟ್ಟಿಕೊಟ್ಟು ಅವನದನ್ನು ಪಕ್ಕಕ್ಕಿಟ್ಟಳು. “ಇದು ನಮ್ಮ ಎಮ್ಮಿಗಿ. ಅದು ಹೆಸರಿಡಂಗಿಲ್ಲ.”

ಸಂಜೆಯೊಳಗೆ ಆ ವಿಡಿಯೋ ಶಹಾಪುರ ದಾಟಿ ಸುರಪುರ ಮುಟ್ಟಿತು. ಸುನಿತಾ ಫೋನಿನಲ್ಲಿ ಬರೀ ನಕ್ಕಳು. ಮರುದಿನ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಹೆಣ್ಣುಮಕ್ಕಳು ಚೀಲ ಹಿಡಿದು ನಿಂತಿದ್ದರು. ದಾರವಿಲ್ಲದ ಚಾಪರ್‌ಗಳು, ಹಲ್ಲು ಮುರಿದ ತುರಿಮಣೆಗಳು, ಎಂಟು ರೊಟ್ಟಿ ಮಷಿನ್ನುಗಳು. ಬ್ಯಾಂಕ್ ಮ್ಯಾನೇಜರ್ ಹೆಂಡತಿ ಕೂಡ ಬಂದಿದ್ದಳು. ಹಂಪಣ್ಣ ಒಬ್ಬರಿಗೂ ಎದುರಾಡಲಿಲ್ಲ. ಎಲ್ಲವನ್ನೂ ತಿರುಗಿ ತೆಗೆದುಕೊಂಡು ಬದಲಿಗೆ ಚಾಕು, ಈಳಿಗೆ, ಹಂಚು ಕೊಟ್ಟ. ಕೊಡುವಾಗ ಸಾಮಾನನ್ನು ಹೊಗಳದೆ ಬಾಯಿ ಬಿಗಿಹಿಡಿಯುವುದು ಅವನಿಗೆ ಹೊಟ್ಟೆನೋವು ತಡೆದ ಹಾಗಾಗುತ್ತಿತ್ತು.

ಮನೆಯಲ್ಲಿ ಪಾರ್ವತಿಬಾಯಿ ಕುರ್ಚಿಯಿಂದಲೇ ಕಲಿಸಿದಳು. ಈಳಿಗೆಯ ಮಣೆಯ ಮೇಲೆ ಕಾಲು ಎಲ್ಲಿ ಊರಬೇಕು, ಬದನೆಕಾಯಿಯನ್ನು ತೊಟ್ಟು ಬಿಡಿಸದೆ ನಾಲ್ಕು ಸೀಳು ಹೇಗೆ ಮಾಡಬೇಕು, ಶೇಂಗಾವನ್ನು ಕಲ್ಲಿನಲ್ಲಿ ಎಷ್ಟು ಕುಟ್ಟಿದರೆ ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ, ಎಷ್ಟು ಕುಟ್ಟಿದರೆ ಎಣ್ಣೆ. ಮೂರನೆಯ ವಾರ ಅವನು ಹುಳಿಸೊಪ್ಪಿನ ಪುಂಡಿಪಲ್ಯ ಮಾಡಿದ. ಅವಳು ಎರಡನೆಯ ಸಲ ಹಾಕಿಸಿಕೊಂಡಳು. ಹಂಪಣ್ಣ ಅದನ್ನು ಮೂರು ದಿನ ಬಜಾರಿನಲ್ಲಿ ಹೇಳಿಕೊಂಡು ತಿರುಗಿದ.

ಅಷ್ಟರಲ್ಲಿ ಮನೆಯಲ್ಲಿ ಕೂತು ಬೇಸತ್ತ ಪಾರ್ವತಿಬಾಯಿ ಅಂಗಡಿಗೆ ಬರತೊಡಗಿದಳು. ಅದೇ ವಾರ ಸಂಗಮನಾಥ ಎಂಬ ಸೇಲ್ಸ್‌ಮನ್ ಹದಿನೇಳು ಕೆಲಸ ಮಾಡುವ ಒಂದು ಹೆಚ್ಚುವ ಯಂತ್ರ ತಂದ. ಟೇಬಲ್ಲಿನ ಮೇಲೆ ಕ್ಯಾರೆಟ್ ಇಟ್ಟು ಚಕಚಕನೆ ಹೂವು ಕತ್ತರಿಸಿ ತೋರಿಸಿದ.

“ಡೆಮೋಕ್ಕ ಯಾವಾಗ್ಲೂ ಗಜ್ಜರಿ ತರ್ತೀರಲ್ಲ” ಎಂದಳು ಪಾರ್ವತಿಬಾಯಿ. “ಅದನ್ನ ಹಲ್ಲಿಲೇ ಕಡೀಬೌದು. ಇದನ್ನ ಹೆಚ್ಚಿ ತೋರಸ್ರಿ.” ಕುರ್ಚಿ ಕೆಳಗಿನಿಂದ ಒಂದು ಕುಂಬಳಕಾಯಿ ತೆಗೆದಳು.

ಬ್ಲೇಡು ಎರಡನೆಯ ಏಟಿಗೇ ಮುರಿಯಿತು.

“ನಿಮ್ಮ ಕುಂಬಳಕಾಯಿ ಭಾಳ ಬಲಿತದ್ರಿ ಅಕ್ಕೋರ” ಎಂದ ಸಂಗಮನಾಥ. ಹಂಪಣ್ಣ ಮುಖ ಆಚೆ ತಿರುಗಿಸಿದ. ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಆದರೂ ಸಂಗಮನಾಥ ಬರಿಗೈಯಲ್ಲಿ ಹೋಗಲಿಲ್ಲ. ಅವನ ಚೀಲದ ತಳದಲ್ಲಿದ್ದ ಲಿಂಬೆ ಹಿಂಡುವ ಇಕ್ಕಳ ಪಾರ್ವತಿಬಾಯಿಯ ಎಡಗೈಯಲ್ಲೂ ಕೆಲಸ ಮಾಡಿತು. ಎರಡು ಡಜನ್ ಇಳಿಸಿಕೊಂಡರು.

ಪ್ಲಾಸ್ಟರ್ ತೆಗೆದ ದಿನ ಹಂಪಣ್ಣ ಮನಸ್ಸಿನಲ್ಲೇ ಹಬ್ಬ ಮಾಡಿದ. ನಾಳೆಯಿಂದ ತಟ್ಟೆ ತಾನಾಗಿ ಬರುತ್ತದೆಂದುಕೊಂಡ. ಮರುದಿನ ಬೆಳಿಗ್ಗೆ ಪಾರ್ವತಿಬಾಯಿ ಇಸ್ತ್ರಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗಿ?”

“ಅಂಗಡಿಗ್ರಿ. ಇವತ್ತು ಹಂಚಿನ ಮಾಲು ಬರ್ತದ.”

“ಮತ್ತ ಅಡಗಿ?”

“ಕೈ ಇನ್ನಾ ಹದಕ್ಕ ಬಂದಿಲ್ರಿ” ಎಂದು ಅದೇ ಕೈಯಲ್ಲಿ ಸ್ಕೂಟಿಯ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಓಣಿ ದಾಟಿಸಿದಳು.

ಎರಡು ತಿಂಗಳಾದರೂ ಕೈ ಹದಕ್ಕೆ ಬರಲಿಲ್ಲ. ಹಂಪಣ್ಣ ಕೇಳುವುದನ್ನು ಬಿಟ್ಟ. ಬೆಳಗಿನ ಅಡುಗೆ ಅವನದು, ಸಂಜೆಯದನ್ನು ಇಬ್ಬರೂ ಸೇರಿ ಮಾಡುವುದು ಎಂದು ಯಾರೂ ಹೇಳದೆಯೇ ನಿಗದಿಯಾಯಿತು. ಕೆಂಭಾವಿ ಸಂತೆಯ ದಿನ ಪಾರ್ವತಿಬಾಯಿ ಮತ್ತು ಬಾಲಮ್ಮ ಟಂಟಂ ಆಟೋದಲ್ಲಿ ಹಂಚು, ಪರಾತ, ಚಾಕು ಹೇರಿಕೊಂಡು ಒಲೆ ಸಮೇತ ಹೋಗತೊಡಗಿದರು. ಬಾಲಮ್ಮ ಅಲ್ಲೇ ಹಂಚು ಕಾಯಿಸಿ ರೊಟ್ಟಿ ಬಡಿಯುತ್ತಿದ್ದಳು. ತಿಂದವರು ಹಂಚು ಕೊಂಡುಕೊಳ್ಳುತ್ತಿದ್ದರು. ಅವರಿಬ್ಬರು ಮಾತ್ರ ಹಂಪಣ್ಣ ಕಟ್ಟಿಕೊಟ್ಟ ಬುತ್ತಿಯನ್ನು ಮಧ್ಯಾಹ್ನ ಬೇವಿನ ಗಿಡದ ನೆರಳಲ್ಲಿ ಬಿಚ್ಚುತ್ತಿದ್ದರು.

“ಉಪ್ಪು ಜರಾ ಜಾಸ್ತಿ ಆಗ್ಯಾದ” ಎಂದಳು ಬಾಲಮ್ಮ ಮೊದಲ ಸಂತೆಯಲ್ಲಿ.

“ಹೇಳಬ್ಯಾಡ” ಎಂದಳು ಪಾರ್ವತಿಬಾಯಿ. “ಮಾಡೂದು ಬಿಟ್ಟಾನು.”

ಇಬ್ಬರೂ ಬುತ್ತಿ ಪೂರ್ತಿ ಖಾಲಿ ಮಾಡಿದರು.