ಡ್ರೈವರಿಗಿಲ್ಲದ ಮಡಿ

ಕಾಶಿಯ ಶಿವಾಲಾ ಘಾಟಿನಲ್ಲಿ ಅಪ್ಪ ಯಾತ್ರಿಕರಿಗೆ ಶ್ರಾದ್ಧ, ಹೋಮ ಮಾಡಿಸುತ್ತಾರೆ. ಹೆಸರು-ಗೋತ್ರದ ಚೀಟಿ ಕೊಡುವ ಪ್ರಿಂಟರಿಗೆ ಡ್ರೈವರ್, ಅಂದರೆ ಅದನ್ನು ನಡೆಸುವ ಪ್ರೋಗ್ರಾಂ, ಬರೆದವಳು ನಾನು. ಹಳೇ ಕಂಪ್ಯೂಟರಿಗೆ ಒಂದೇ ಪ್ರೊಸೆಸರ್. ಹೊಸದಕ್ಕೆ ನಾಲ್ಕು, ನಾಲ್ಕೂ ಒಮ್ಮೆಗೇ ದುಡಿಯುತ್ತವೆ. ಒಂದು ಬರೆದು ಮುಗಿಸುವ ತನಕ ಇನ್ನೊಂದು ಪ್ರಿಂಟರನ್ನು ಮುಟ್ಟದಂತೆ ಲಾಕ್ ಹಾಕಬೇಕಿತ್ತು. ಎರಡೇ ಸಾಲಿನ ಕೋಡ್. ನನ್ನ ಸೋಮಾರಿತನಕ್ಕೆ ಅದೂ ಭಾರವಾಯಿತು.

ಇವತ್ತು ಶ್ರಾದ್ಧದ್ದೊಂದು, ಹೋಮದ್ದೊಂದು ಚೀಟಿ ಒಟ್ಟಿಗೇ ಹೊರಟು ಹೆಸರುಗಳು ಅದಲುಬದಲಾದವು. ಅಪ್ಪ ಪಿಂಡಕ್ಕೆ ಹೆಸರು ಓದಿದಾಗ, ಆಯುಷ್ಯಹೋಮಕ್ಕೆಂದು ಕಾದಿದ್ದ ಹಿರಿಯರೊಬ್ಬರು ಎದ್ದು ನಿಂತರು.

"ಆಚಾರ್ರೇ, ಅದು ನನ್ನ ಹೆಸರು!"

ಆಮೇಲೆ ಅಪ್ಪ ಬೈಯಲೂ ಇಲ್ಲ. "ನಾನು ಮಡೀಲಿದ್ದಾಗ ಮುಟ್ಟಬೇಡ ಅಂದ್ರೆ ನಗ್ತಿದ್ದೆಯಲ್ಲ, ರಮಾ" ಎಂದರಷ್ಟೆ.

ಈಗ ಲಾಕ್ ಹಾಕಿದ್ದೇನೆ, 'ಮಡಿ' ಎಂದೇ ಹೆಸರಿಟ್ಟು. ಪಿಂಡಕ್ಕೆ ಓದಿದ ಹೆಸರನ್ನು ಹಿಂದಕ್ಕೆ ಕರೆಯುವ ಸಾಲು ಮಾತ್ರ ನನಗೆ ಬರೆಯಲು ಬರುವುದಿಲ್ಲ.