ಮೂವತ್ತಮೂರು ಬಿಹಿ

“ಮೂರು ಎಲ್ಲಿ ಹೋದ್ವು?”

ಫಹ್ಮಿದಾ ಯಾರನ್ನೂ ಕೇಳಿದ್ದಲ್ಲ. ಸಾಮಾನು ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಎದುರಿನ ಹಲಗೆಯ ತುಂಬ ಹಳದಿ ಬಿಹಿ ಹಣ್ಣು. ಎಣಿಸುತ್ತ ಹಣ್ಣು ಮುಗಿದಿತ್ತು, ಕೈಯಲ್ಲಿದ್ದ ಜಪದ ಸರದಲ್ಲಿ, ತಸ್ಬೀಹಿನಲ್ಲಿ, ಇನ್ನೂ ಮೂರು ಮಣಿ ಉಳಿದಿದ್ದವು.

ಶಿವಾಜಿನಗರದ ಆ ಮನೆಗೆ ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ಕಾಶ್ಮೀರದ ಸೇಬಿನ ಲಾರಿಯಲ್ಲಿ ಬಿಹಿ ಬರುತ್ತಿತ್ತು. ರಸೆಲ್ ಮಾರ್ಕೆಟ್ಟಿನ ಹಣ್ಣಿನ ವ್ಯಾಪಾರಿ ಅಹ್ಮದ್ ಪಾಷಾ ತಸ್ಬೀಹಿನ ಮಣಿಗಳಷ್ಟೇ, ಮೂವತ್ತಮೂರು, ಆರಿಸಿ ಕಳಿಸುತ್ತಿದ್ದ. ಹಸಿಯಾಗಿ ಕಚ್ಚಿದರೆ ಒಗರಿಗೆ ಬಾಯಿ ಸುಕ್ಕುಗಟ್ಟುತ್ತದೆ. ಬೆಂಕಿ ಕಂಡ ಮೇಲಷ್ಟೇ ಆ ಹಣ್ಣು ಒಲಿಯುವುದು. ಮರಸೇಬಿನಂತೆ ಉದ್ದಗಿರುವವು ಬೇಗ ಮೆತ್ತಗಾಗುವುದರಿಂದ ಮೊದಲು ಗೋಷ್ತಿನ ಸಾರಿಗೆ. ಗುಂಡಗಿನವು ಗಟ್ಟಿ, ಹುಳಿ, ಎರಡು ತಿಂಗಳು ತಡೆಯುತ್ತವೆ. ಸಣ್ಣ ಉರಿಯಲ್ಲಿ ಸಕ್ಕರೆಯೊಡನೆ ಬೆಂದು ಕೆಂಪು ಮುರಬ್ಬ ಆಗುತ್ತವೆ. ಬೀಜ ಕೆಮ್ಮಿಗೆ, ಅದೂ ಅರೆಯದೆ ಇಡಿಯಾಗಿ ನೆನೆಸಿ, ಬಿಟ್ಟ ಲೋಳೆ ಮಾತ್ರ. ಹಣ್ಣು ಒಂದಕ್ಕೊಂದು ತಾಗಕೂಡದು, ಕೆಳಗೆ ಕಾಗದ ಹಾಸಿರಬೇಕು, ದಿನವೂ ಹೊರಳಿಸಿ ನೋಡಬೇಕು. ಒಂದು ಹಣ್ಣಿಗೆ ಒಂದು ಮಣಿ. ಫಹ್ಮಿದಾಳ ಅತ್ತೆಯೂ ಹೀಗೇ ಎಣಿಸುತ್ತಿದ್ದಳು.

ಈ ವರ್ಷದ ಮುರಬ್ಬ ಇಳಿಸುವ ದಿನ ಕೋಣೆಯ ಬೀಗದ ಕೈ ಸೊಸೆ ಮಾರಿಯಾಳಿಗೆ ಎಂದು ಫಹ್ಮಿದಾ ಎಲ್ಲರೆದುರು ಹೇಳಿಯಾಗಿತ್ತು. ಹಣ್ಣಿಗೆ ಇನ್ನೂ ಕತ್ತಿ ಸೋಕಿರಲಿಲ್ಲ. ಆರು ದಿನ ಜ್ವರದಲ್ಲಿ ಮಲಗಿದ್ದ ಫಹ್ಮಿದಾ ಇವತ್ತೇ ಎದ್ದಿದ್ದಳು. ಅಷ್ಟು ದಿನವೂ ಅವಳಿಂದ ಬೀಗದ ಕೈ ಕೇಳಿ ಪಡೆದು ಆ ಕೋಣೆಗೆ ಹೋಗಿ ಬಂದವಳು ಮಾರಿಯಾ ಒಬ್ಬಳೇ.

“ಯಾರ್ ಜೊತೆ ಮಾತಾಡ್ತಿದೀರ ಆಪಾ?” ಎಂದು ಪಕ್ಕದ ಮನೆ ವಾಜಿದಾ ಇಣುಕಿದಳು. ಕೆಮ್ಮಿಗೆ ಬೀಜ ಕೇಳಲು ಬಂದಿದ್ದಳು.

“ಮೂರು ಬಿಹಿ ಕಮ್ಮಿ ಇದೆ.”

“ಭಾನುವಾರ ನಿಮ್ ಸೊಸೆ ಕೆ.ಆರ್.ಪುರಕ್ಕೆ, ತೌರಿಗೆ ಹೋಗ್ಬಂದ್ಲಲ್ಲ, ಹೋಗ್ವಾಗ ಬ್ಯಾಗು ಬಸುರಿ ಥರ ಇತ್ತಮ್ಮ! ನಂಗೇನು, ಕಂಡಿದ್ದು ಹೇಳ್ದೆ.”

ಫಹ್ಮಿದಾಳ ತಲೆಗೆ ಹುಳ ಹೊಕ್ಕಿತು. ಸೊಸೆಯನ್ನು ಕರೆದಳು. ಹತ್ತಿರ ಬಂದವಳ ದುಪಟ್ಟಾ ಮೂಸಿದಳು.

“ಇದ್ಯಾಕೆ ಇಷ್ಟು ಘಮ್ ಅಂತಿದೆ?”

“ದಿನಾ ಹಣ್ ಹೊರಳಿಸ್ತಿದ್ನಲ್ಲ ಅಮ್ಮಿ.”

“ಹೊರಳಿಸಿದ್ದಕ್ಕಾ, ಹೊತ್ಕೊಂಡ್ ಹೋಗಿದ್ದಕ್ಕಾ?”

ಮಾರಿಯಾ ಒಳಗಿನಿಂದ ಬ್ಯಾಗು ತಂದು ನೆಲದ ಮೇಲೆ ಸುರಿದಳು. ಬಾಚಣಿಗೆ, ಮೆಟ್ರೋ ಕಾರ್ಡು, ತಾಯಿ ಕೊಟ್ಟ ಡಬ್ಬಿ, ಎರಡು ಜೊತೆ ಬಟ್ಟೆ. ಫಹ್ಮಿದಾ ಬಗ್ಗಿ ಖಾಲಿ ಬ್ಯಾಗಿನೊಳಗೆ ಮೂಗು ಇಟ್ಟಳು. ಅಲ್ಲಿಯೂ ಬಿಹಿ ವಾಸನೆ.

“ಇನ್ನೇನ್ ಬೇಕು?” ಎಂದಳು ವಾಜಿದಾ. ಮಾರಿಯಾ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಬ್ಯಾಗಿಗೆ ತುಂಬಿಕೊಂಡು ಅಡಿಗೆಮನೆಗೆ ಹೋದಳು.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಫಹ್ಮಿದಾ ತಸ್ಬೀಹ್ ಹಿಡಿದಳು. ಚಿಕ್ಕಂದಿನಲ್ಲಿ ಪರದೆಯ ಈಚೆ ಕೂತು ತಂದೆ ಕುರಾನ್ ಓದುವುದನ್ನು ಕೇಳುತ್ತ ಬೆಳೆದವಳು. ಅವಳ ಎಣಿಕೆ ಉಸಿರಿನಲ್ಲಿತ್ತು. ಒಂದು ಉಸಿರಿಗೆ ಹನ್ನೊಂದು, ಮೂರು ಉಸಿರಿಗೆ ಸರ ಒಂದು ಸುತ್ತು. ಇವತ್ತು ಮೂರನೆಯ ಉಸಿರು ಮುಗಿದರೂ ಕೊನೆಯ ದೊಡ್ಡ ಮಣಿ ಬೆರಳಿಗೆ ಸಿಗಲಿಲ್ಲ. ಇನ್ನೂ ಮೂರು ಮಣಿ ಅಡ್ಡ ಇದ್ದವು.

ಬೆಳಕಿಗೆ ಹಿಡಿದು ನೋಡಿದಳು. ಮೂರು ಮಣಿ ಕಪ್ಪಗಿದ್ದವು: ತೀರಿಹೋದ ಗಂಡನ ಹಳೆಯ ಸರದವು, ಎಂದೋ ಮಂಚದ ಕೆಳಗೆ ಉರುಳಿದ್ದವು. ಜ್ವರದ ಮೊದಲ ರಾತ್ರಿ ಅವಳ ಕೈಯಲ್ಲೇ ತಸ್ಬೀಹ್ ಹರಿದಿತ್ತು. ಬೆಳಿಗ್ಗೆ ಮಾರಿಯಾ, “ಎಲ್ಲಾ ಮಣಿ ಹುಡುಕಿ ಪೋಣಿಸಿದೀನಿ ಅಮ್ಮಿ, ಒಂದೂ ಬಿಟ್ಟಿಲ್ಲ” ಎಂದು ಕೈಗಿಟ್ಟಿದ್ದಳು.

ಕೋಣೆಗೆ ಹೋಗಿ ಬೆರಳಲ್ಲೇ ಎಣಿಸಿದಳು. ಮೂವತ್ತಮೂರು. ತನ್ನ ದುಪಟ್ಟಾ ಮೂಸಿದಳು. ಅದಕ್ಕೂ ಬಿಹಿ ವಾಸನೆ.

ಮಾರಿಯಾ ಅಕ್ಕಿ ತೊಳೆಯುತ್ತಿದ್ದಳು. ಫಹ್ಮಿದಾ ಸೊಂಟದಿಂದ ಬೀಗದ ಕೈ ಬಿಚ್ಚಿ, ತಸ್ಬೀಹಿನ ಜೊತೆಗೇ ಚಾಚಿದಳು.

“ಹಣ್ಣು ಸರೀಗಿದೆ ಬೇಟಿ. ಮಣೀನೇ ಮೂರು ಜಾಸ್ತಿ. ನಂದೇ ತಪ್ಪು. ಮುರಬ್ಬ ಆಗೋವರ್ಗೂ ಕಾಯೋದ್ ಬೇಡ, ಇವತ್ತೇ ಇಟ್ಕೋ.”

ಮಾರಿಯಾ ಒಂದು ಕೈಯಲ್ಲಿ ನಲ್ಲಿ ನಿಲ್ಲಿಸಿದಳು. ತಸ್ಬೀಹನ್ನು ನೋಡಿದಳು, ಬೀಗದ ಕೈಯನ್ನು ನೋಡಿದಳು. ಇನ್ನೊಂದು ಕೈಯನ್ನು ಅಕ್ಕಿಯ ನೀರಿನಿಂದ ಹೊರಗೆ ತೆಗೆಯಲೇ ಇಲ್ಲ.

“ಇಲ್ಲ ಅಮ್ಮಿ,” ಎಂದಳು. “ನಾನ್ ಇಟ್ಕೊಳಲ್ಲ.”